ಪಾಸ್‌ವರ್ಡ್‌ಗೆ ಬೀಗ ಹಾಕಿದರೆ ಪೈರಸಿ ನಿಲ್ಲದು

ಮಾನ್ಯ ಸಂಪಾದಕರೇ,

ನೆಟ್‌ಫ್ಲಿಕ್ಸ್ 2023ರ ಜುಲೈ 20ರಿಂದ ಭಾರತದಲ್ಲೂ ‘ಒಂದು ಖಾತೆ, ಒಂದು ಮನೆ’ ನಿಯಮ ತಂದಿದೆ. ಅಂದರೆ ಬೇರೆ ಮನೆಯಲ್ಲಿರುವವರೊಂದಿಗೆ ಪಾಸ್‌ವರ್ಡ್ ಹಂಚಿಕೊಳ್ಳುವಂತಿಲ್ಲ. ಅಪ್ಪ ಅಮ್ಮ ಕೆ.ಆರ್. ಪೇಟೆಯಲ್ಲಿ, ಮಗಳು ಮೈಸೂರಿನ ಸರಸ್ವತಿಪುರಂ ಪಿ.ಜಿ.ಯಲ್ಲಿ ಇದ್ದರೆ ರೇಷನ್ ಕಾರ್ಡ್‌ನಲ್ಲಿ ಒಂದೇ ಕುಟುಂಬ, ಕಂಪನಿ ಲೆಕ್ಕದಲ್ಲಿ ಎರಡು!

ಮನೆ ಯಾವುದೆಂದು ಅವರು ತೀರ್ಮಾನಿಸುವುದು ಐಪಿ ವಿಳಾಸ (ಇಂಟರ್‌ನೆಟ್ ಸಂಪರ್ಕಕ್ಕೆ ಸಿಗುವ ಗುರುತು ಸಂಖ್ಯೆ), ಸಾಧನದ ಗುರುತು ಮತ್ತು ಖಾತೆಯ ಬಳಕೆ ನೋಡಿ. ಫೈಬರ್ ಬಾರದ ಹಳ್ಳಿಗಳಲ್ಲಿ ಟಿ.ವಿ. ಓಡುವುದು ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ. ಅದರ ಐಪಿ ಆಗಾಗ ಬದಲಾಗುವುದರಿಂದ ದುಡ್ಡು ಕಟ್ಟಿದವರ ಟಿ.ವಿ.ಯೇ ಪರಕೀಯವಾಗಿಬಿಡಬಹುದು. ಆಗ ಟಿ.ವಿ. ಆಪ್‌ನ ಎಡಬದಿಯ ಮೆನುವಿನಲ್ಲಿ ‘ಗೆಟ್ ಹೆಲ್ಪ್’, ನಂತರ ‘ಮ್ಯಾನೇಜ್ ನೆಟ್‌ಫ್ಲಿಕ್ಸ್ ಹೌಸ್‌ಹೋಲ್ಡ್’ ಒತ್ತಿ ದೃಢೀಕರಿಸಬೇಕು. ಬರುವ ಲಿಂಕ್‌ನ ಆಯುಸ್ಸು 15 ನಿಮಿಷ. ಲಿಂಕ್ ಮಗಳ ಇಮೇಲ್‌ಗೆ ಹೋಗಿ ಅವಳು ಕ್ಲಾಸಿನಲ್ಲಿದ್ದರೆ ಕೆಲಸ ಕೆಟ್ಟಂತೆ. ಖಾತೆಗೆ ಅಪ್ಪನ ಮೊಬೈಲ್ ನಂಬರನ್ನೂ ಸೇರಿಸಿಡಿ. ಪಿ.ಜಿ.ಯವರು ತಿಂಗಳಿಗೊಮ್ಮೆ ಊರಿಗೆ ಹೋದಾಗ ಮನೆಯ ವೈಫೈಗೆ ಫೋನ್ ಜೋಡಿಸಿ ಆಪ್ ತೆರೆದರೆ ತಕರಾರು ಕಡಿಮೆ.

ಈ ನಿಯಮದಿಂದ ಪೈರಸಿಗೆ ಕಡಿವಾಣ ಬೀಳುತ್ತದೆ ಎಂಬ ಮಾತು ಮಾತ್ರ ಸುಳ್ಳು. ಕಳ್ಳಪ್ರತಿ ಹುಟ್ಟಲು ಹಂಚಿಕೊಂಡ ಪಾಸ್‌ವರ್ಡ್ ಬೇಕಿಲ್ಲ. ವಿಡಿಯೊ ನಕಲಾಗದಂತೆ ತಡೆಯುವ ವೈಡ್‌ವೈನ್ ವ್ಯವಸ್ಥೆಯಲ್ಲಿ ಬರೀ ಸಾಫ್ಟ್‌ವೇರ್ ಮೇಲೆ ನಿಂತಿರುವ ‘ಎಲ್3’ ಹಂತದ ರಕ್ಷಣೆಯ ಕೀಲಿ ಕೈಗೆ ಸಿಕ್ಕರೆ ನಿಯಮ ಪಾಲಿಸುವ ಒಂದೇ ಖಾತೆ ಸಾಕು, ಅದರ ಪ್ರತಿ ಟೆಲಿಗ್ರಾಂ ತುಂಬ ಹರಡುತ್ತದೆ. ನಿಯಮ ಹೊಡೆದದ್ದು ನೋಡುಗರನ್ನು, ಕದಿಯುವವರನ್ನಲ್ಲ.

ಅಮೆರಿಕದಲ್ಲಿ ಇದೇ ನಿಯಮ ತಂದಾಗ 7.99 ಡಾಲರ್‌ಗೆ ಹೊರಗಿನ ಸದಸ್ಯರೊಬ್ಬರನ್ನು ಸೇರಿಸುವ ಅವಕಾಶವಿತ್ತು. ನಮಗೆ ಅದನ್ನು ಕೊಡಲಿಲ್ಲ. ಇಲ್ಲಿ ದರ ಮೊದಲೇ ಇಳಿಸಿದ್ದೇವೆ ಎಂಬುದು ಅವರ ವಾದ. ಹೀಗಾಗಿ ಮಗಳಿಗೆ ಉಳಿದದ್ದು 149 ರೂಪಾಯಿಯ ಮೊಬೈಲ್ ಪ್ಲಾನ್: 480ಪಿ ಗುಣಮಟ್ಟ, ಒಂದೇ ಪರದೆ, ಟಿ.ವಿ.ಗೆ ಬರುವುದಿಲ್ಲ. ಟೆಲಿಗ್ರಾಂನಲ್ಲಿ ಅದೇ ಸಿನಿಮಾ 1080ಪಿಯಲ್ಲಿ ಪುಕ್ಕಟೆ. 50–75 ರೂಪಾಯಿಗೆ ಹೆಚ್ಚುವರಿ ಸದಸ್ಯತ್ವ ಕೊಟ್ಟರೆ ಎಷ್ಟೋ ಮಂದಿ ಕಟ್ಟಿಯಾರು.

2023ರ ಸಿನಿಮಾಟೋಗ್ರಾಫ್ ತಿದ್ದುಪಡಿ ಕಾಯ್ದೆಯಲ್ಲಿ ಪೈರಸಿಗೆ 3 ತಿಂಗಳಿಂದ 3 ವರ್ಷ ಜೈಲು, ಕನಿಷ್ಠ 3 ಲಕ್ಷ ರೂಪಾಯಿ ದಂಡ ಇದೆ. ಆದರೂ ಟೆಲಿಗ್ರಾಂನಲ್ಲಿ ಒಂದು ಚಾನೆಲ್ ಮುಚ್ಚಿದರೆ ಇನ್ನೊಂದು ಹೆಸರಿನಲ್ಲಿ ತೆರೆಯುತ್ತದೆ.

ಸಿನಿಮಾ ಫೈಲ್‌ಗಿಂತ ದೊಡ್ಡ ಅಪಾಯ ‘ಎಲ್ಲ ಒಟಿಟಿ ಉಚಿತ’ ಎಂದು ಬರುವ ಎಪಿಕೆ, ಅಂದರೆ ಪ್ಲೇ ಸ್ಟೋರ್ ಹೊರಗಿನಿಂದ ಹಾಕಿಕೊಳ್ಳುವ ಆಪ್ ಫೈಲ್. ವಿಡಿಯೊ ತೋರಿಸುವ ಆಪ್‌ಗೆ ಎಸ್‌ಎಂಎಸ್ ಓದುವ ಅನುಮತಿ ಏಕೆ? ಒಟಿಪಿ ಕದಿಯಲು. ‘ಆಕ್ಸೆಸಿಬಿಲಿಟಿ’ ಅನುಮತಿ ಕೇಳಿದರಂತೂ ಕೊಡಲೇಬೇಡಿ, ಪರದೆಯೇ ಅವರ ಕೈಗೆ ಹೋಗುತ್ತದೆ. ಫೋನ್ ಸೆಟ್ಟಿಂಗ್ಸ್‌ನಲ್ಲಿ ‘ಇನ್‌ಸ್ಟಾಲ್ ಅನ್‌ನೋನ್ ಆಪ್ಸ್’ ತೆರೆದು ಟೆಲಿಗ್ರಾಂ, ಕ್ರೋಮ್, ವಾಟ್ಸ್‌ಆ್ಯಪ್ ಮೂರಕ್ಕೂ ಆಫ್ ಮಾಡಿ. ಆಗಲೇ ಹಾಕಿಕೊಂಡಿದ್ದು ಹಣ ಕಡಿತವಾದರೆ ಡೇಟಾ, ವೈಫೈ ಎರಡನ್ನೂ ನಿಲ್ಲಿಸಿ, ಬೇರೆ ಫೋನಿನಿಂದ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಮತ್ತು ಬ್ಯಾಂಕಿಗೆ ಕರೆ ಮಾಡಿ.

– ಬ್ರಾಡ್‌ಬ್ಯಾಂಡ್ ತಂತ್ರಜ್ಞ, ಮಂಡ್ಯ