ಬೆಟ್ಟಕ್ಕೆ ಹೋಗು, ಮಧ್ಯಾಹ್ನದೊಳಗೆ ಇಳಿ

2 ಜುಲೈ 2025

ಪ್ರೀತಿಯ ಪುಟ್ಟಿ,

ನಿನ್ನೆ ನೀನು ಮಾತಿನ ಮಧ್ಯೆಯೇ ಫೋನ್ ಇಟ್ಟೆ. ನಾನೂ ನಿನಗೆ ಬಾಯಿ ತೆರೆಯಲು ಬಿಡಲಿಲ್ಲ. ದನಿ ಏರಿಸಿದ್ದಕ್ಕೆ ಬೇಜಾರು ಮಾಡ್ಕೋಬೇಡ. ಆದರೆ ಹೇಳಬೇಕಾದದ್ದು ಹಾಗೇ ಉಳಿದುಬಿಟ್ಟಿದೆ. ಫೋನಿನಲ್ಲಿ ಹೇಳಿದರೆ ಮತ್ತೆ ಜಗಳವಾಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ: ಹೋಗು. ಅಳಿಯಂದಿರು ಊರಲ್ಲಿಲ್ಲ ಅಂತ ಮಕ್ಕಳು ರಜೆಯಲ್ಲಿ ಮನೆಯೊಳಗೆ ಕೂರಬೇಕಾಗಿಲ್ಲ. ನಿಮ್ಮ ಕೊಲೊರಾಡೊದ ರಾಕಿ ಮೌಂಟನ್ ಪಾರ್ಕು ಮಕ್ಕಳಿಗೆ ಹೇಳಿ ಮಾಡಿಸಿದ ಜಾಗ, ಅದರಲ್ಲಿ ಎರಡು ಮಾತಿಲ್ಲ. ನನ್ನ ತಕರಾರೆಲ್ಲ ಹೊತ್ತಿನ ಬಗ್ಗೆ. ನಿನಗೆ ಸಿಕ್ಕಿರುವ ಪರ್ಮಿಟ್ ಮಧ್ಯಾಹ್ನ 12ರಿಂದ 2ರ ಒಳಗೆ ಬೇರ್ ಲೇಕ್ ರಸ್ತೆಗೆ ಹೋಗುವಂಥದ್ದು. ಜುಲೈನಲ್ಲಿ ಅಲ್ಲಿ ಗುಡುಗು ಶುರುವಾಗುವುದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ.

ನಾವೆಲ್ಲ ಡ್ರೀಮ್ ಲೇಕ್‌ಗೆ ಹೋದ ದಿನ ನಿನಗೆ ನೆನಪಿದೆ. ವಾಪಸು ಬರುವಾಗ ಕಾರಿನಲ್ಲಿ ನಾವಾಡಿದ ಮಾತುಗಳೂ ನೆನಪಿವೆ, ಅವನ್ನು ಬಿಡೋಣ. ನಾನು ಹೇಳುವುದು ಅದಕ್ಕೂ ಮುಂಚಿನದು. ನಿಂಫ್ ಲೇಕ್ ಹತ್ತಿರ ಚಿನ್ನು ಹಳದಿ ಹೂವು ನೋಡುತ್ತಾ ಕೂತುಬಿಟ್ಟಳಲ್ಲ, ಆಗ ಆಕಾಶ ನೀಲಿಯಾಗಿತ್ತು. ಒಂದು ಚೂರು ಮೋಡ ಇರಲಿಲ್ಲ. ಅಲ್ಲಿಂದ ಡ್ರೀಮ್ ಲೇಕ್ ಅರ್ಧ ಮೈಲಿ ಚಿಲ್ಲರೆ. ನಾವು ಮುಟ್ಟುವಷ್ಟರಲ್ಲಿ ಹ್ಯಾಲೆಟ್ ಶಿಖರದ ಹಿಂದಿನಿಂದ ಕಪ್ಪು ಅಂಚೊಂದು ಎದ್ದಿತು. ನೀನು ಫೋಟೋ ತೆಗೆಯುತ್ತಿದ್ದೆ. ನಾನು ನೀರು ನೋಡುತ್ತಿದ್ದೆ. ಕನ್ನಡಿ ಹಾಗಿದ್ದ ನೀರು ನೋಡನೋಡುತ್ತಲೇ ಕಪ್ಪಾಯಿತು.

ಅದನ್ನೇ ನಾನು ಮತ್ತೆ ಮತ್ತೆ ಯೋಚಿಸುತ್ತೇನೆ. ಆ ಮೋಡ ನಮಗೆ ಮೊದಲೇ ಯಾಕೆ ಕಾಣಲಿಲ್ಲ? ಯಾಕೆಂದರೆ ಅಲ್ಲಿ ಮಳೆ ಸಾಮಾನ್ಯವಾಗಿ ಪಶ್ಚಿಮದಿಂದ ಬರುತ್ತದೆ, ಪಶ್ಚಿಮಕ್ಕೆ ಗೋಡೆಯಂತೆ ಶಿಖರಗಳು ನಿಂತಿವೆ. ಹ್ಯಾಲೆಟ್ ಒಂದೇ 12,713 ಅಡಿ. ಅದರ ಬುಡದಲ್ಲಿ ನಿಂತವರಿಗೆ ಮೋಡ ಕಾಣುವುದು ಅದು ತಲೆ ಮೇಲೆ ಬಂದಾಗಲೇ. ಬಯಲಿನಲ್ಲಿ ಮಳೆ ದೂರದಿಂದ ಹೇಳಿಕೊಂಡು ಬರುತ್ತದೆ. ಅಲ್ಲಿ ಹಾಗಿಲ್ಲ. ಬೆಳಗ್ಗೆಯೆಲ್ಲ ಬಿಸಿಲು ಇಳಿಜಾರುಗಳನ್ನು ಕಾಯಿಸುತ್ತದೆ. ತೇವ ತುಂಬಿದ ಬಿಸಿಗಾಳಿ ಬೆಟ್ಟವನ್ನೇ ಏಣಿ ಮಾಡಿಕೊಂಡು ಮೇಲೇರುತ್ತದೆ. ಮಧ್ಯಾಹ್ನದ ಹೊತ್ತಿಗೆ ಅದು ಗುಡುಗಿನ ಮೋಡವಾಗಿರುತ್ತದೆ.

ಆವತ್ತು ಮಿಂಚು ಕಂಡಾಗ ನಾನು ಎಣಿಸಿದೆ. ಹತ್ತು ಮುಟ್ಟುವ ಮೊದಲೇ ಗುಡುಗು ಕೇಳಿತು. ಐದು ಸೆಕೆಂಡಿಗೆ ಒಂದು ಮೈಲಿ ಲೆಕ್ಕ. ಅಂದರೆ ಎರಡು ಮೈಲಿಯೂ ದೂರವಿರಲಿಲ್ಲ. ಮಿಂಚು ಮಳೆಯಿಂದ ಹತ್ತು ಮೈಲಿ ಆಚೆಗೂ ಬಡಿಯಬಲ್ಲದು. ಗುಡುಗು ಕೇಳಿಸಿತು ಅಂದರೆ ನಾವು ಅದರ ಕೈಗೆ ಸಿಗುವಷ್ಟು ಹತ್ತಿರ ಇದ್ದೇವೆ ಅಂತಲೇ ಅರ್ಥ. ನಾನು ಚಿನ್ನುವನ್ನು ಎತ್ತಿಕೊಂಡು ಇಳಿಯತೊಡಗಿದೆ. ಎಮರಾಲ್ಡ್ ಲೇಕ್ ಇನ್ನು ಮುಕ್ಕಾಲು ಮೈಲಿಯೂ ಇಲ್ಲ ಅಂತ ನೀನು ಹೇಳುತ್ತಿದ್ದೆ. ಎಷ್ಟೋ ಜನ ನಮ್ಮೆದುರೇ ಮೇಲೆ ಹೋಗುತ್ತಿದ್ದರು. ಪುಟ್ಟ ಮಕ್ಕಳನ್ನು ಕರೆದುಕೊಂಡು ನಗುನಗುತ್ತಾ ಹೋಗುತ್ತಿದ್ದರು.

"ಏನೂ ಆಗಲಿಲ್ಲವಲ್ಲ ಅಪ್ಪ" ಅಂತ ನಿನ್ನೆಯೂ ಅಂದೆ. ನಿಜ, ಏನೂ ಆಗಲಿಲ್ಲ. ಆ ಮಾತು ಕೇಳಿದರೇ ನನಗೆ ಹೆದರಿಕೆ. ಏನೂ ಆಗದ ದಿನಗಳೇ ನಮಗೆ ಧೈರ್ಯ ಹೇಳಿಕೊಡುವುದು. ಮೂವತ್ತು ಸಲ ಏನೂ ಆಗದಿದ್ದರೆ ಮೂವತ್ತೊಂದನೇ ಸಲ ಯಾರೂ ತಲೆಯೆತ್ತಿ ಆಕಾಶ ನೋಡುವುದಿಲ್ಲ.

ನಾನು ಲೈನ್‌ಮನ್ ಆಗಿದ್ದವನು. ಕರೆಂಟ್ ಏನು ಮಾಡುತ್ತದೆ ಅಂತ ಕಣ್ಣಾರೆ ನೋಡಿದ್ದೇನೆ. ಅದನ್ನು ನಿನಗೆ ಯಾವತ್ತೂ ಹೇಳಿಲ್ಲ, ಈಗಲೂ ಹೇಳುವುದಿಲ್ಲ. ಇಷ್ಟು ಮಾತ್ರ ತಿಳಿದುಕೋ. ಸಿಡಿಲು ನೇರವಾಗಿ ತಲೆ ಮೇಲೆ ಬಿದ್ದು ಸಾಯುವವರು ಕಡಿಮೆ. ಅದು ಮರಕ್ಕೋ ಬಂಡೆಗೋ ಬಡಿದು, ನೆಲದಲ್ಲಿ ಸುತ್ತಲೂ ಹರಿಯುತ್ತದೆ. ಹತ್ತಿರ ನಿಂತವನ ಒಂದು ಕಾಲಿನ ಕೆಳಗೆ ಒಂದು ವೋಲ್ಟೇಜ್, ಇನ್ನೊಂದು ಕಾಲಿನ ಕೆಳಗೆ ಬೇರೆ. ಒಂದು ಕಾಲಿನಿಂದ ಹತ್ತಿ ಇನ್ನೊಂದರಿಂದ ಇಳಿಯುತ್ತದೆ. ಮರದ ಕೆಳಗೆ ನಿಂತ ದನಗಳು ಒಟ್ಟಿಗೇ ಸಾಯುವುದು ಇದರಿಂದಲೇ. ಅವುಗಳ ಮುಂಗಾಲು ಹಿಂಗಾಲುಗಳ ನಡುವಿನ ಅಂತರ ಜಾಸ್ತಿ. ಅದಕ್ಕೇ ಒಂಟಿ ಮರದ ಕೆಳಗೆ ನಿಲ್ಲಬಾರದು, ಬಂಡೆಯ ಪೊಟರೆಯಲ್ಲಿ ಕೂರಬಾರದು, ನೀರಿನ ಅಂಚಿನಲ್ಲಿ ಇರಬಾರದು. ಹಾಗಾದರೆ ಎಲ್ಲಿ ನಿಲ್ಲಬೇಕು ಅಂತ ಕೇಳಿದರೆ, ಹೊರಗೆ ಸುರಕ್ಷಿತ ಜಾಗ ಅಂತ ಒಂದೂ ಇಲ್ಲ. ಕಿಟಕಿ ಏರಿಸಿದ ಕಾರು, ಇಲ್ಲವೇ ಗಟ್ಟಿ ಕಟ್ಟಡ. ಕಾರಿನ ತಗಡು ಕರೆಂಟನ್ನು ಹೊರಗಿನಿಂದಲೇ ನೆಲಕ್ಕೆ ಇಳಿಸುತ್ತದೆ. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಒಳಗೇ ಇರಬೇಕು.

2014ರ ಜುಲೈನಲ್ಲಿ ಅದೇ ಪಾರ್ಕಿನಲ್ಲಿ ಒಂದು ಶುಕ್ರವಾರ ಒಬ್ಬರು, ಮಾರನೇ ದಿನ ಇನ್ನೊಬ್ಬರು ಸಿಡಿಲಿಗೆ ಸತ್ತರು. ಎರಡನೆಯವರು ರೇನ್‌ಬೋ ಕರ್ವ್‌ನಲ್ಲಿದ್ದರು. ನಿನಗೆ ಆ ಜಾಗ ಗೊತ್ತು. ಕಾರು ನಿಲ್ಲಿಸಿ ಕಣಿವೆ ನೋಡುವ ತಿರುವು ಅದು, ರಸ್ತೆ ಪಕ್ಕದಲ್ಲೇ ಇದೆ. ಕಾರಿಗೆ ಕೆಲವೇ ಹೆಜ್ಜೆ. ಇದನ್ನು ಹೇಳಿ ನಿನ್ನನ್ನು ಹೆದರಿಸುವ ಆಸೆ ನನಗಿಲ್ಲ. "ನಾವೇನು ಲಾಂಗ್ಸ್ ಪೀಕ್ ಹತ್ತುತ್ತೀವಾ, ಮಕ್ಕಳ ದಾರಿ ತಾನೇ" ಅಂದೆಯಲ್ಲ, ಆ ಮಾತಿಗೆ ಇದು ಉತ್ತರ. ದಾರಿ ಸುಲಭ ಅನ್ನುವುದು ಕಾಲಿಗೆ ಸಂಬಂಧಪಟ್ಟದ್ದು. ಆಕಾಶಕ್ಕೆ ಅದು ಗೊತ್ತಿಲ್ಲ.

ಮತ್ತೆ ಭಾಷಣವಾಯಿತು ಅಲ್ವಾ. ಸರಿ, ಏನು ಮಾಡಬಹುದು ಅಂತ ಹೇಳುತ್ತೇನೆ.

ಹಿಂದಿನ ದಿನ ಸಂಜೆ ಪಾರ್ಕಿನವರು ಇನ್ನಷ್ಟು ಪರ್ಮಿಟ್ ಬಿಡುತ್ತಾರೆ. ಶುಕ್ರವಾರ ಫೋನ್ ಕೈಯಲ್ಲೇ ಇಟ್ಟುಕೋ, ಬೆಳಗಿನದು ಸಿಕ್ಕರೆ ಬದಲಾಯಿಸಿಬಿಡು. ಸಿಗಲಿಲ್ಲವೇ? ಬೇರ್ ಲೇಕ್ ರಸ್ತೆಯ ಆಸೆ ಬಿಡು. ಉಳಿದ ಪಾರ್ಕಿಗೆ ಬೆಳಗ್ಗೆ 9ಕ್ಕೆ ಮುಂಚೆ ಹೋದರೆ ಪರ್ಮಿಟ್ಟೇ ಬೇಡ, ಟಿಕೆಟ್ ಇದ್ದರೆ ಸಾಕು. ಫಾಲ್ ರಿವರ್ ಗೇಟಿನಿಂದ ಹೋಗಿ ಅಲೂವಿಯಲ್ ಫ್ಯಾನ್‌ನಲ್ಲಿ ಇಳಿ. ಚಿನ್ನುಗೆ ಅದಕ್ಕಿಂತ ಒಳ್ಳೆ ಜಾಗ ಇಲ್ಲ. 1982ರ ಜುಲೈನಲ್ಲಿ ಮೇಲಿನ ಲಾನ್ ಲೇಕ್ ಕಟ್ಟೆ ಒಡೆದು, ನೀರು ಮನೆಗಾತ್ರದ ಬಂಡೆಗಳನ್ನು ಉರುಳಿಸಿಕೊಂಡು ಬಂದು ಅಲ್ಲಿ ಹರಡಿಬಿಟ್ಟಿತು. ಮೂರು ಜನ ಸತ್ತರು. ಈಗ ಅದೇ ಬಂಡೆಗಳ ನಡುವೆ ಮಕ್ಕಳು ಹತ್ತಿ ಇಳಿಯುತ್ತಾರೆ. ದಾರಿ ಚಿಕ್ಕದು, ಗಟ್ಟಿಯಾಗಿದೆ. ಆದರೆ ರೋರಿಂಗ್ ರಿವರ್‌ನ ನೀರು ಹಿಮ ಕರಗಿದ್ದು, ಕೊರೆಯುತ್ತದೆ, ಸೆಳೆತವೂ ಇದೆ. ಒದ್ದೆ ಬಂಡೆ ಮೇಲೆ ಚಿನ್ನು ಒಬ್ಬಳೇ ನಿಲ್ಲಬಾರದು. ಪಾಪು ನಿನ್ನ ಬೆನ್ನ ಮೇಲಿದ್ದಾಗ ನೀನು ಬಗ್ಗಿ ಹಿಡಿಯುವುದು ಎಷ್ಟು ಕಷ್ಟ ಅಂತ ನಿನಗೇ ಗೊತ್ತು.

ಬೆಳಗಿನ ಪರ್ಮಿಟ್ ಸಿಕ್ಕರೆ ನನ್ನ ಓಟು ಸ್ಪ್ರೇಗ್ ಲೇಕ್‌ಗೆ. ಸುತ್ತು ಒಂದು ಮೈಲಿಯೂ ಇಲ್ಲ, ಪೂರಾ ಸಮತಟ್ಟು, ಸ್ಟ್ರಾಲರ್ ಹೋಗುತ್ತದೆ. ಅಬ್ನರ್ ಸ್ಪ್ರೇಗ್ ತನ್ನ ಲಾಡ್ಜಿಗೆ ಬಂದವರು ಮೀನು ಹಿಡಿಯಲಿ ಅಂತ ಹೊಳೆಗೆ ಅಡ್ಡ ಕಟ್ಟಿ ಮಾಡಿಸಿದ ಕೆರೆ ಅದು. ಎಲ್ಲಿ ಬೇಕೋ ಅಲ್ಲಿ ಕೂರಬಹುದು, ಎಲ್ಲಿಂದ ಬೇಕಾದರೂ ಹತ್ತು ನಿಮಿಷದಲ್ಲಿ ಕಾರಿಗೆ ಬರಬಹುದು. ಬೇರ್ ಲೇಕ್ ಸುತ್ತೂ ಅಷ್ಟೇ ಉದ್ದ, ಆದರೆ ಅಲ್ಲಲ್ಲಿ ಏರು ಇದೆ. ಜಾಗವೇ 9,475 ಅಡಿ ಎತ್ತರ. ಆಲ್ಬರ್ಟಾ ಫಾಲ್ಸ್ ಹೋಗಿಬರಲು ಒಂದೂವರೆ ಮೈಲಿ ದಾಟುತ್ತದೆ. ಚಿನ್ನು ನಡೆದಾಳು, ಆದರೆ ಬರುವಾಗ ಎತ್ತಿಕೋ ಅಂದರೆ ಒಬ್ಬಳೇ ಇಬ್ಬರನ್ನು ಹೊರುತ್ತೀಯಾ? ಅದು ಅಳಿಯಂದಿರು ಬಂದ ಮೇಲೆ.

ಎತ್ತರದ ಮಾತು ಬಂತು. ನೀವು ಡೆನ್ವರ್‌ನಲ್ಲಿ 5,280 ಅಡಿಯಲ್ಲಿ ಇರುವವರು, ನನ್ನಷ್ಟು ಏದುಸಿರು ನಿಮಗೆ ಬರಲಿಕ್ಕಿಲ್ಲ. ಆದರೆ ಪಾಪುಗೆ ತಲೆ ನೋವು ಅಂತ ಹೇಳಲು ಬರುವುದಿಲ್ಲ. ಸುಮ್ನೆ ರಚ್ಚೆ ಹಿಡಿದರೆ, ಹಾಲು ಬೇಡ ಅಂದರೆ, ವಾಂತಿ ಮಾಡಿದರೆ, ಹಲ್ಲು ಬರುತ್ತಿರಬೇಕು ಅಂತ ಕಾಯಬೇಡ. ಕೆಳಗೆ ಇಳಿದುಬಿಡು. ಅದಕ್ಕೆ ಇಳಿಯುವುದೇ ಮದ್ದು.

ಪ್ರಾಣಿಗಳ ವಿಷಯ ನಿನಗೆ ಗೊತ್ತು. ಎಲ್ಕ್ ಕಂಡರೆ 75 ಅಡಿ, ಮೂಸ್ ಕಂಡರೆ 120 ಅಡಿ ದೂರ. ಈ ತಿಂಗಳು ಮೂಸ್ ಜೊತೆ ಮರಿ ಇರುತ್ತದೆ.

ಇನ್ನೊಂದು ಮಾತು. ನೀನು ಒಬ್ಬಳೇ ಹೋಗುತ್ತೀನಿ ಅಂದಾಗ ನನ್ನ ಬಾಯಲ್ಲಿ ಬೇಡ ಅಂತ ಬಂತು. ಫೋನ್ ಇಟ್ಟ ಮೇಲೆ ನಿಮ್ಮಮ್ಮನ ಹತ್ತಿರ ನಾನು ಆಡಿದ ಮೊದಲ ಮಾತೇ ಬೇರೆ. "ನೋಡೇ, ಹಿಮದಲ್ಲಿ ಗಾಡಿ ಓಡಿಸೋದು ಕಲಿತಳು. ಒಂದು ಕೂಸು ಬೆನ್ನಿಗೆ, ಒಂದು ಕೈಗೆ. ಯಾರನ್ನೂ ಕಾಯೋದಿಲ್ಲ ಅವಳು" ಅಂದೆ. ಅವಳು ನಕ್ಕಳು. ಇದನ್ನು ನಿನಗೇ ಹೇಳಬಾರದಾ ಅಂದಳು. ಹೇಳಿದ್ದೇನೆ.

ಚಿನ್ನು ನಡೆಯುವಷ್ಟೇ ನಡೆ. ಅವಳು ಪ್ರತಿ ಕಲ್ಲಿಗೂ ನಿಂತರೆ ನಿಲ್ಲಲಿ. ಕೆರೆ ಸುತ್ತು ಅರ್ಧಕ್ಕೇ ಬಿಟ್ಟರೂ ನಷ್ಟವಿಲ್ಲ. ವಿಸಿಟರ್ ಸೆಂಟರಿನಲ್ಲಿ ಜೂನಿಯರ್ ರೇಂಜರ್ ಪುಸ್ತಕ ಕೊಡುತ್ತಾರೆ, ದುಡ್ಡಿಲ್ಲ. ಅದನ್ನು ತುಂಬಿಸಿದರೆ ಬ್ಯಾಡ್ಜ್ ಸಿಗುತ್ತದೆ. ಮಧ್ಯಾಹ್ನ ಗುಡುಗಿದರೆ ಕಾರಿನಲ್ಲಿ ಕೂತು ಮಾಡಲು ಅವಳಿಗೊಂದು ಕೆಲಸವಾಯಿತು. ಹನ್ನೊಂದೂವರೆಗೆ ವಾಪಸು ಹೊರಡು. ಆಕಾಶ ಎಷ್ಟೇ ನೀಲಿ ಇರಲಿ.

ಅಲ್ಲಿ ಎಷ್ಟೋ ಕಡೆ ಸಿಗ್ನಲ್ ಸಿಗುವುದಿಲ್ಲ. ಗೇಟಿಗೆ ಮುಂಚೆ ಎಸ್ಟೆಸ್ ಪಾರ್ಕ್ ಊರಿನಲ್ಲಿ ಒಂದು ಮೆಸೇಜ್ ಹಾಕು: ಯಾವ ಕೆರೆ, ಎಷ್ಟು ಹೊತ್ತಿಗೆ ವಾಪಸು. ಇಳಿದು ಬಂದ ಮೇಲೆ ಇನ್ನೊಂದು. ನಮಗೆ ರಾತ್ರಿಯಾಗಿರುತ್ತದೆ, ಪರವಾಗಿಲ್ಲ, ಎದ್ದಿರುತ್ತೇನೆ. ಶುಕ್ರವಾರ ಪರ್ಮಿಟ್ ಸಿಕ್ಕಿತೋ ಇಲ್ಲವೋ ಅದನ್ನೂ ತಿಳಿಸು.

ಪಾಪುಗೆ ಕಿವಿ ಮುಚ್ಚುವ ಟೋಪಿ ಇದೆಯಾ ಅಂತ ಅಮ್ಮ ಕೇಳುತ್ತಿದ್ದಾಳೆ. ಅಷ್ಟು ಎತ್ತರದಲ್ಲಿ ಬಿಸಿಲು ಬೇಗ ಸುಡುತ್ತದಂತೆ. ಇಲ್ಲದಿದ್ದರೆ ನಾಳೆಯೇ ತೊಗೊ.

ನಿನ್ನ
ಅಪ್ಪ