ಚೀಟಿ ಡಬ್ಬಿ ಮೇಲೆ ಮಿರ್ಚಿ ಪ್ಲೇಟು

ಮಾನ್ಯ ಸಂಪಾದಕರೇ,

ಭಾನುವಾರ ರಾಯಚೂರಿನಲ್ಲಿ ಪಕ್ಷವೊಂದು ನಡೆಸಿದ ಚುನಾವಣಾ ಪ್ರಣಾಳಿಕೆ ಸಭೆಯ ವರದಿ ನಿಮ್ಮ ಪತ್ರಿಕೆಯಲ್ಲಿ ಓದಿದೆ. ‘ಜನಸಾಮಾನ್ಯರಿಂದ ಅಭಿಪ್ರಾಯ ಸಂಗ್ರಹ’ ಅಂತ ದಪ್ಪ ಅಕ್ಷರದಲ್ಲಿ ಹಾಕಿದ್ದೀರಿ. ಆ ಜನಸಾಮಾನ್ಯರಲ್ಲಿ ನಾನೂ ಒಬ್ಬ. ಫೋಟೊದಲ್ಲಿ ಕಂಬದ ಹಿಂದೆ ಅರ್ಧ ಟವೆಲ್ ಕಾಣುತ್ತಲ್ಲ, ಅದು ನನ್ನದೇ. ನನ್ನಿಂದ ಏನು ಸಂಗ್ರಹಿಸಿದರೋ ನನಗಂತೂ ಗೊತ್ತಾಗಲಿಲ್ಲ.

ಹತ್ತಿ ಬಿಡಿಸೋ ಆಳುಗಳನ್ನು ಅವತ್ತು ಬೇಡ ಅಂದು, ಬೆಳಿಗ್ಗೆ ಸಿರವಾರದಲ್ಲಿ ಬಸ್ ಹತ್ತಿ ನಿಂತೇ ಬಂದೆ. ಹತ್ತಕ್ಕೆ ಅಂದ ಸಭೆ ಶುರುವಾಗಿದ್ದು ಹನ್ನೆರಡೂಮುಕ್ಕಾಲಿಗೆ. ಮೈಕ್ ಮೊದಲು ಗಿರಣಿ ಮಾಲೀಕರಿಗೆ, ಆಮೇಲೆ ಗುತ್ತಿಗೆದಾರರಿಗೆ, ಆಮೇಲೆ ಒಂದೊಂದೇ ಸಮಾಜದ ಮುಖಂಡರಿಗೆ. ಎಲ್ಲರಿಗೂ ಶಾಲು, ಹಾರ. ಅವರು ಬಾಯಿ ತೆಗೆದರೆ ಸಾಕು, ‘ಬರ್ಕೊಳ್ರಿ, ಬರ್ಕೊಳ್ರಿ’ ಅಂತ ವೇದಿಕೆ ಮೇಲಿಂದ ಅವಸರ. ನನ್ನ ಸರದಿ ಬರೋ ಹೊತ್ತಿಗೆ ಮೂರು ಗಂಟೆ. ‘ಕಾಕಾ, ಟೈಮಿಲ್ಲ, ಚೀಟಿ ಬರ್ದು ಡಬ್ಬಿಗೆ ಹಾಕ್ರಿ’ ಅಂದ ಒಬ್ಬ ಹುಡುಗ. ಡಬ್ಬಿ ಅಂದರೆ ನೀರಿನ ಬಾಟಲಿಯ ರಟ್ಟಿನ ಪೆಟ್ಟಿಗೆ. ಅದರ ಮೇಲೆ ಒಗ್ಗರಣೆ-ಮಿರ್ಚಿ ತಿಂದಿಟ್ಟ ಪ್ಲೇಟುಗಳು, ಕಿಂಡಿಯೇ ಕಾಣದ ಹಾಗೆ. ಪ್ಲೇಟು ಸರಿಸಿ, ಚೀಟಿ ತುರುಕಿ, ಕೈಗೆ ಹತ್ತಿದ ಎಣ್ಣೆ ಟವೆಲ್ಲಿಗೆ ಒರೆಸಿಕೊಂಡು ಬಂದೆ.

ಚೀಟಿಯಲ್ಲಿ ಬರೆದಿದ್ದು ಎರಡೇ ಸಾಲು. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗಕ್ಕೆ ನೀರು ಮುಟ್ಟಿಸಿ. ಜಲಾಶಯದ ಹೂಳಿಗೆ ಏನು ಮಾಡುತ್ತೀರಿ ಹೇಳಿ. 133 ಟಿಎಂಸಿಗೆ ಕಟ್ಟಿದ ತುಂಗಭದ್ರೆಯಲ್ಲಿ ಹೂಳು ತುಂಬಿ ನೀರಿಗೆ ಉಳಿದ ಜಾಗ ಸುಮಾರು 105. ಆ ಕೊರತೆ ತುಂಬೋಕೆ ಕಟ್ಟುತ್ತೇವೆ ಅಂದ ನವಲಿ ಜಲಾಶಯವಂತೂ ಭಾಷಣದಲ್ಲಿ ಎಷ್ಟು ಸಲ ತುಂಬಿ ಹರಿದಿದೆಯೋ.

ಪಕ್ಷದವರಿಗೆ ಕಿವಿ ಇಲ್ಲ ಅಂತಲ್ಲ. ವಾಲ್ಮೀಕಿ ಗುರುಪೀಠದ ಸ್ವಾಮೀಜಿ ಬೆಂಗಳೂರಲ್ಲಿ ತಿಂಗಳುಗಟ್ಟಲೆ ಧರಣಿ ಕೂತರು, ಎದುರಿಗೆ ಚುನಾವಣೆ ಇತ್ತು, 2022ರಲ್ಲಿ ಎಸ್‌ಟಿ ಮೀಸಲಾತಿ 3ರಿಂದ 7ಕ್ಕೆ ಏರಿತು. ಏರಲಿ, ನನಗೇನೂ ಹೊಟ್ಟೆಕಿಚ್ಚಿಲ್ಲ. ಗ್ಯಾರಂಟಿಗಳನ್ನು ಬಿಟ್ಟಿ ಅಂತ ಬೈದ ಪಕ್ಷವೇ 2024ರಲ್ಲಿ ಮಹಾರಾಷ್ಟ್ರದ ಹೆಣ್ಣುಮಕ್ಕಳಿಗೆ ತಿಂಗಳಿಗೆ 1,500 ಕೊಡೋ ಸರ್ಕಾರದಲ್ಲಿ ಇತ್ತು. ವೋಟು ಎತ್ತ ವಾಲುತ್ತೋ ಧೋರಣೆಯೂ ಅತ್ತಲೇ. ರಾಯಚೂರಿಗೆ ಏಮ್ಸ್ ಆಸ್ಪತ್ರೆ ಕೊಡಿ ಅನ್ನೋ ನಮ್ಮ ಧರಣಿ 2022ರ ಮೇನಲ್ಲಿ ಶುರುವಾಯಿತು. ಬಂದವರೆಲ್ಲ ಬೆಂಬಲ ಹೇಳಿ ಎದ್ದು ಹೋದರು. ಇಡೀ ರಾಯಚೂರು ಜಿಲ್ಲೆಗೆ 7 ಶಾಸಕರು, ಬೆಂಗಳೂರು ನಗರಕ್ಕೇ 28. ಇನ್ನೇನು ಹೇಳೋದು?

ನೀರಿನ ವಿಷಯದಲ್ಲಿ ಇನ್ನೊಂದು ಜಾಣತನ ಇದೆ. ಮೇಲ್ಭಾಗದಲ್ಲಿ ಕಾಲುವೆಗೇ ಮೋಟರ್ ಇಟ್ಟು ನೀರು ಎತ್ತುತ್ತಾರೆ. ಅಲ್ಲಿ ಭತ್ತ ಜಾಸ್ತಿ, ಗಿರಣಿ ಜಾಸ್ತಿ, ವೋಟೂ ಜಾಸ್ತಿ. ಪಕ್ಷದವರು ಅಲ್ಲಿ ಹೋಗಿ ‘ಮೋಟರ್ ಮುಟ್ಟಲ್ಲ’ ಅಂತಾರೆ. ಇಲ್ಲಿ ಬಂದು ‘ಕಿತ್ತು ಹಾಕಿಸ್ತೀವಿ’ ಅಂತಾರೆ. ಪ್ರಣಾಳಿಕೆ ತೆಗೆದು ನೋಡಿದರೆ ‘ಸಮಗ್ರ ನೀರಾವರಿ’! ಅದರಲ್ಲಿ ನಾವೂ ಬಂದೆವು, ಮೋಟರ್‌ನವರೂ ಬಂದರು, ಜಗಳವೇ ಇಲ್ಲ. ನಾವೂ ಸಂಘ ಕಟ್ಟಬೇಕಿತ್ತು, ನಿಜ. ಎರಡು ಕಟ್ಟಿದೆವು, ಎರಡೂ ಒಡೆದವು. ಒಂದರಿಂದ ಜಗಳ ಮಾಡಿ ಹೊರಬಂದವನು ನಾನೇ.

ಅಧಿಕಾರಿಗಳ ಸುದ್ದಿ ಬೇರೆ. ಉಪಕಾಲುವೆ ಒಡೆದಿದೆ ಅಂತ ಹೋದ ವರ್ಷ ಒಂದು ಕಚೇರಿಗೆ ಮೂರು ಸಲ ಅಲೆದೆ. ಸಾಹೇಬರು ಮೂರು ಸಲವೂ ಮೀಟಿಂಗಿನಲ್ಲಿದ್ದರು. ನಾಲ್ಕನೇ ಸಲ ಸಿಕ್ಕಾಗ ‘ಕಾಲುವೆಯ 104ನೇ ಮೈಲಿಯಲ್ಲಿ ಗೇಜ್ (ನೀರಿನ ಮಟ್ಟ) ಸರಿ ಇದೆ’ ಅಂದರು. ಗೇಜ್ ಸರಿ ಇದ್ದರೆ ನನ್ನ ಹೊಲದ ತೂಬಿನಲ್ಲಿ ಹುಡುಗರು ಯಾಕೆ ಗೋಲಿ ಆಡುತ್ತಾರೆ ಸ್ವಾಮಿ? ಕೇಳೋಣ ಅಂದರೆ ಜಿಲ್ಲಾ ಪಂಚಾಯಿತಿ ಮೆಂಬರೂ ಇರಲಿಲ್ಲ. 2021ರಲ್ಲಿ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯನ್ನೇ ಮಾಡಲಿಲ್ಲ.

ಇನ್ನು ಮುಂದೆ ಅಭಿಪ್ರಾಯ ಕೇಳೋದಾದರೆ ಕಾಲುವೆ ಕೊನೆಗೆ ಬಂದು ಕೇಳಲಿ. ಇಲ್ಲಾ ಕೇಳೋದನ್ನೇ ಬಿಟ್ಟು ನೀರು ಬಿಡಲಿ. ಎರಡೂ ಆಗದಿದ್ದರೆ ನನ್ನ ಚೀಟಿಯನ್ನಾದರೂ ವಾಪಸ್ ಕೊಡಲಿ, ಅದರ ಹಿಂದೆ ಟ್ರ್ಯಾಕ್ಟರ್ ಮೆಕ್ಯಾನಿಕ್ ನಂಬರ್ ಬರೆದಿಟ್ಟಿದ್ದೆ.

– ಕೊನೆಭಾಗದ ಒಬ್ಬ ರೈತ, ಸಿರವಾರ ತಾಲ್ಲೂಕು