ಸ್ಪರ್ಧೆಯ ಎತ್ತುಗಳಿಗೆ ಉತ್ತೇಜಕ ಮದ್ದು ಬೇಡ

ಮಾನ್ಯ ಸಂಪಾದಕರಿಗೆ,

ಕಾರ ಹುಣ್ಣಿಮೆಯ ಹೊತ್ತಿಗೆ ರಾಯಚೂರಿನಲ್ಲಿ ಭಾರದ ಕಲ್ಲು ಎಳೆಯುವ ಸ್ಪರ್ಧೆಗಳು ನಡೆಯುತ್ತವೆ. ಎತ್ತಿಗೆ ಚುರುಕು ಬರಿಸಲು ಏನಾದರೂ ಕೊಡಬಹುದೇ ಎಂಬ ಮಾತು ರೈತರ ನಡುವೆ ಆಗಾಗ ಕಿವಿಗೆ ಬೀಳುವುದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಮೈಮೇಲೆ ನೊಣ ಕೂತರೆ ಎತ್ತು ಆ ಜಾಗದ ಚರ್ಮವನ್ನಷ್ಟೇ ಅದುರಿಸುತ್ತದೆ. ಕಾಲು, ಕತ್ತು ಅಲುಗುವುದಿಲ್ಲ. ಸ್ಪರ್ಶದ ಸುದ್ದಿ ಬೆನ್ನುಹುರಿಗೆ ತಲುಪಿದಾಗ ಬೇಕಾದ ಸ್ನಾಯುಗಳನ್ನು ಮಾತ್ರ ಎಬ್ಬಿಸಿ ಉಳಿದವನ್ನು ತಡೆಹಿಡಿಯುವ ವ್ಯವಸ್ಥೆ ನರಮಂಡಲದಲ್ಲಿದ್ದು, ಆ ತಡೆಯಲ್ಲಿ ಗ್ಲೈಸಿನ್ ಎಂಬ ರಾಸಾಯನಿಕದ ಪಾತ್ರ ದೊಡ್ಡದು. ಉತ್ತೇಜಕವೆನಿಸಿದ, ಕಾಸರಕ ಮರದ ಬೀಜದಲ್ಲಿರುವ ಸ್ಟ್ರಿಕ್ನಿನ್ ಎಂಬ ವಿಷ ಗ್ಲೈಸಿನ್ನಿನ ಈ ಕೆಲಸವನ್ನೇ ಕೆಡಿಸುತ್ತದೆ. ಪ್ರಮಾಣ ಸ್ವಲ್ಪ ಮೀರಿದರೂ ಸಣ್ಣ ಸದ್ದಿಗೆ ಮೈಯೆಲ್ಲ ಸೆಟೆದುಕೊಂಡು, ಉಸಿರಾಟದ ಸ್ನಾಯುಗಳೂ ಬಿಗಿದು, ಪ್ರಾಣಿ ಎಚ್ಚರವಿರುವಾಗಲೇ ಉಸಿರುಕಟ್ಟಿ ಸಾಯುತ್ತದೆ. ಇದನ್ನು ಬಲವೆಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ.

ಕಾಫಿ, ಚಹಾದಲ್ಲಿರುವ ಕೆಫೀನ್ ದಣಿವಿನ ಸಂಕೇತವನ್ನು ಮರೆಮಾಡುತ್ತದೆ. ಆಂಫೆಟಮಿನ್ ಜಾತಿಯ ಉತ್ತೇಜಕ ಮದ್ದುಗಳು ಎದೆಬಡಿತವನ್ನೂ ಮೈಕಾವನ್ನೂ ಏರಿಸುತ್ತವೆ. ನಮ್ಮ ಕಡೆಯ ಬಿಸಿಲಿನಲ್ಲಿ, ನಿಲ್ಲಬೇಕಾದಾಗ ನಿಲ್ಲದೆ ಎಳೆಯುವ ಎತ್ತು ನೊಗದಲ್ಲೇ ಕುಸಿಯಬಹುದು. ಮಕ್ಕಳಂತೆ ಸಾಕಿದ ಜೀವಕ್ಕೆ ಇಂಥ ಗತಿ ಬರಬಾರದು.

ಹಾನಿಕಾರಕ ಮದ್ದು ಕೊಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಂ ಪ್ರಕಾರ ಅಪರಾಧ. ಸ್ಪರ್ಧೆಗಳಿಗೆ ಅನುಮತಿ ನೀಡುವಾಗ ಜಿಲ್ಲಾಡಳಿತವು ಪಶುವೈದ್ಯರ ಹಾಜರಿಯನ್ನು ಕಡ್ಡಾಯ ಮಾಡಿ, ಗೆದ್ದ ಜೋಡಿಗಳ ರಕ್ತ ಮತ್ತು ಮೂತ್ರದ ಮಾದರಿಗಳನ್ನು ಪರೀಕ್ಷೆಗೆ ಕಳುಹಿಸಿ, ವರದಿ ಬಂದ ಮೇಲಷ್ಟೇ ಬಹುಮಾನ ಕೊಡಿಸಬೇಕೆಂದು ಕೋರುತ್ತೇನೆ.

– ಒಬ್ಬ ರೈತ, ಮಾನ್ವಿ ತಾಲ್ಲೂಕು